ರೋಮಾನ್ಸ್ ಭಾಷೆಗಳಲ್ಲಿ ‘ಮೆಂತೆ’ ಪ್ರತ್ಯಯದ ಚರಿತ್ರೆ

ಪ್ರತ್ಯಯಗಳು ಮೊದಲಿನಿಂದಲೂ ಪ್ರತ್ಯಯಗಳೇ ಆಗಿದ್ದುವೋ, ಅಥವಾ ಒಂದು ಕಾಲದಲ್ಲಿ ಸ್ವತಂತ್ರ ಪದಗಳಾಗಿದ್ದು ಕ್ರಮೇಣ ಸವೆದು ಪ್ರಕೃತಿಗೆ ಅಂಟಿಕೊಂಡವೋ ಎಂಬುದು ಭಾಷಾಶಾಸ್ತ್ರಜ್ಞರು ಬಹುಕಾಲದಿಂದ ಚರ್ಚಿಸುತ್ತ ಬಂದಿರುವ ಪ್ರಶ್ನೆ. 1816ರಲ್ಲಿ ಸಂಸ್ಕೃತಾದಿ ಭಾಷೆಗಳ ಕ್ರಿಯಾಪದಗಳನ್ನು ತುಲನೆಮಾಡಿ ಗ್ರಂಥವನ್ನು ರಚಿಸಿದ ಫ್ರಾನ್ಸ್ ಬಾಪ್ ಪಂಡಿತನು ಎರಡನೆಯ ಪಕ್ಷದ ಕಡೆಗೆ ಒಲಿದವನು. ಆದರೆ ಅತಿ ಪ್ರಾಚೀನವಾದ ವಿಭಕ್ತ್ಯಾಖ್ಯಾತಪ್ರತ್ಯಯಗಳ ವಿಷಯದಲ್ಲಿ ಈ ಮತಕ್ಕೆ ಊಹೆಯೇ ಬಹುಮಟ್ಟಿಗೆ ಆಧಾರ. ಅವು ಹುಟ್ಟಿದ ಕಾಲದ ಬರಹವಾವುದೂ ನಮಗೆ ದೊರೆಯುವಂತಿಲ್ಲ. ಹೀಗಿರಲು, ಪದವು ಪ್ರತ್ಯಯವಾದ ಬಗೆಯನ್ನು ಲಿಖಿತ ಸಾಕ್ಷ್ಯದಿಂದಲೇ ತೋರಿಸಬಲ್ಲ ಉದಾಹರಣೆಯೊಂದಿದ್ದರೆ ಅದಕ್ಕೆ ವಿಶೇಷವಾದ ಬೆಲೆಯುಂಟು. ಲ್ಯಾಟಿನ್ನಿನಿಂದ ಹುಟ್ಟಿದ ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್ ಮುಂತಾದ ಭಾಷೆಗಳಲ್ಲಿ ಕ್ರಿಯಾವಿಶೇಷಣವನ್ನು ಸಾಧಿಸುವ ‘ಮೆಂತೆ’ ಎಂಬ ಪ್ರತ್ಯಯವು ಅಂತಹ ಉದಾಹರಣೆ.

ಲ್ಯಾಟಿನ್ನಿನಲ್ಲಿ ‘ಮೆನ್ಸ್’ ಎಂದರೆ ಮನಸ್ಸು, ಬುದ್ಧಿ. ನಮ್ಮ ಸಂಸ್ಕೃತದ ‘ಮತಿ’ ಶಬ್ದಕ್ಕೂ ಇದಕ್ಕೂ ಧಾತುವೂ ಒಂದೇ, ರಚನೆಯೂ ಒಂದೇ, ಎರಡೂ ಸ್ತ್ರೀಲಿಂಗಗಳು. ‘ಮೆಂತೆ’ ಎಂಬುದು ಆ ಶಬ್ದದ ಪಂಚಮೀ ಏಕವಚನ. ಲ್ಯಾಟಿನ್ನಿನ ಪಂಚಮಿಯು ತೃತೀಯೆಯ ಅರ್ಥವನ್ನೂ ವಹಿಸುವುದರಿಂದ ‘ಕ್ಲಾರಾ ಮೆಂತೆ’ ಎಂದರೆ ‘ತಿಳಿಯಾದ ಮನಸ್ಸಿನಿಂದ’ ಎಂದರ್ಥ. ಸಂಸ್ಕೃತದಲ್ಲಿ ‘ಸ್ಥಿರಯಾ ಮತ್ಯಾ’ ಎಂದರೆ ಹೇಗೋ ಹಾಗೆಯೇ ಇಲ್ಲಿಯೂ ವಿಶೇಷಣವು ವಿಶೇಷ್ಯದ ಲಿಂಗವಿಭಕ್ತಿಗಳನ್ನು ಅನುಸರಿಸಿದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಕತುಲ್ಲುಸ್ ಕವಿಯಲ್ಲಿ ಇಂತಹ ಪ್ರಯೋಗವುಂಟು. ಅಲ್ಲಿ ಮನಸ್ಸೆಂಬ ಅರ್ಥವು ಪೂರ್ಣವಾಗಿಯೇ ಇದೆ.

ಹಳೆಯ ಲ್ಯಾಟಿನ್ನಿನಲ್ಲಿ ಕ್ರಿಯಾವಿಶೇಷಣಕ್ಕೆ ‘ಏ’, ‘ಇತೆರ್’ ಎಂಬ ಬೇರೆ ಪ್ರತ್ಯಯಗಳಿದ್ದುವು. ಜನರ ಆಡುಮಾತಿನಲ್ಲಿ ಪದಾಂತ್ಯದ ಧ್ವನಿಗಳು ಸವೆಯುತ್ತ ಬಂದಂತೆ ಅವು ಬಲಗುಂದಿದುವು. ಆಗ ಆ ಸ್ಥಾನವನ್ನು ತುಂಬಲು ‘ಇಂಥ ಮನಸ್ಸಿನಿಂದ’ ಎಂಬ ಪದಪುಂಜವು ಸಿದ್ಧವಾಗಿತ್ತು. ಈ ಪುಂಜವು ಯಾವಾಗ ಪ್ರತ್ಯಯವಾಯಿತೆಂಬುದಕ್ಕೆ ಅರ್ಥವೇ ಒರೆಗಲ್ಲು. ಮನಸ್ಸುಳ್ಳ ಕರ್ತೃವಿಗೆ ಮಾತ್ರ ಅನ್ವಯಿಸುವವರೆಗೆ ಅದು ಪದ. ಮನಸ್ಸಿನ ಪ್ರಸಕ್ತಿಯೇ ಇಲ್ಲದೆಡೆಯಲ್ಲಿ ಬಂದಾಗ ಅದು ಪ್ರತ್ಯಯ. ಎಂಟನೆಯ ಶತಮಾನದಲ್ಲಿ ಉತ್ತರ ಫ್ರಾನ್ಸಿನಲ್ಲಿ ಸಂಕಲಿತವಾದುದೆಂದು ಹೇಳಲಾಗುವ ರೈಖೆನೌ ಶಬ್ದಾರ್ಥಸಂಗ್ರಹದಲ್ಲಿ, ಆ ಕಾಲದವರಿಗೆ ತಿಳಿಯದಾಗಿದ್ದ ‘ಸಿಂಗುಲಾರಿತೆರ್’ ಎಂಬ ಹಳೆಯ ಪದಕ್ಕೆ ‘ಸೋಲಾಮೆಂತೆ’ ಎಂದು ಅರ್ಥ ಬರೆದಿದೆ. ‘ಕೇವಲ’ ಎಂಬುದೇ ಇದರ ತಾತ್ಪರ್ಯ. ‘ಒಂಟಿ ಮನಸ್ಸಿನಿಂದ’ ಎಂದಲ್ಲ. ಮೇಲಾಗಿ, ‘ಇತೆರ್’ ಪ್ರತ್ಯಯವನ್ನು ‘ಮೆಂತೆ’ಯಿಂದ ವಿವರಿಸಿರುವುದರಿಂದ, ಹಳೆಯದು ಜನರಿಗೆ ಅಪರಿಚಿತವಾಗಿ ಹೊಸದು ಆ ಸ್ಥಾನದಲ್ಲಿ ನೆಲೆಸಿದ್ದಿತೆಂಬುದೂ ಈ ಒಂದೇ ಪಂಕ್ತಿಯಿಂದ ವಿದಿತವಾಗುತ್ತದೆ.

ಇನ್ನು ಒಂದೊಂದು ಭಾಷೆಯೂ ಈ ದಾರಿಯಲ್ಲಿ ಎಷ್ಟು ದೂರ ನಡೆದಿದೆ ಎಂಬುದನ್ನು ನೋಡಬಹುದು. ಸ್ಪ್ಯಾನಿಷಿನಲ್ಲಿ ‘ಸ್ಪಷ್ಟ’ ಎಂಬುದಕ್ಕೆ ಪುಲ್ಲಿಂಗದಲ್ಲಿ ‘ಕ್ಲಾರೊ’, ಸ್ತ್ರೀಲಿಂಗದಲ್ಲಿ ‘ಕ್ಲಾರಾ’. ಕ್ರಿಯಾವಿಶೇಷಣವು ‘ಕ್ಲಾರಾಮೆಂತೆ’ ಎಂದಾಗುವುದೇ ಹೊರತು ‘ಕ್ಲಾರೊಮೆಂತೆ’ ಎಂದಾಗುವುದಿಲ್ಲ. ಲೋಪಿಸಿದ ವಿಶೇಷ್ಯದ ಲಿಂಗವು ಹೀಗೆ ವಿಶೇಷಣದಲ್ಲಿ ಉಳಿದುಕೊಂಡಿದೆ. ಇದಕ್ಕಿಂತಲೂ ಗಮನಾರ್ಹವಾದುದು ಎರಡು ಕ್ರಿಯಾವಿಶೇಷಣಗಳು ಒಟ್ಟಿಗೆ ಬರುವ ಸಂದರ್ಭ. ‘ಸ್ಪಷ್ಟವಾಗಿಯೂ ಸರಳವಾಗಿಯೂ’ ಎನ್ನಲು ಸ್ಪ್ಯಾನಿಷರು ‘ಕ್ಲಾರಾ ಇ ಸೆನ್ಸಿಯಾಮೆಂತೆ’ ಎನ್ನುತ್ತಾರೆ. ಪ್ರತ್ಯಯವು ಕೊನೆಯ ಪದಕ್ಕೆ ಮಾತ್ರ. ‘ತಿಳಿಯಾದ ಮತ್ತು ಸರಳವಾದ ಮನಸ್ಸಿನಿಂದ’ ಎಂಬ ಹಳೆಯ ಅನ್ವಯವೇ ಇದು. ಪೋರ್ಚುಗೀಸಿನಲ್ಲಿಯೂ ಇದೇ ಕ್ರಮ. ಆ ಭಾಷೆಯಲ್ಲಿ ಇಂತಹ ಪದಗಳ ಪೂರ್ವಭಾಗದ ಉಪಸ್ವರವನ್ನು ಬರಹದಲ್ಲಿ ತೋರಿಸಲು ಇಟ್ಟಿದ್ದ ಚಿಹ್ನೆಯನ್ನು 1971ರಲ್ಲಿ ಬ್ರೆಜಿಲಿನವರೂ 1973ರಲ್ಲಿ ಪೋರ್ಚುಗಲ್ಲಿನವರೂ ತೆಗೆದುಹಾಕಿದರು. ಕೆಟಲಾನ್ ಭಾಷೆಯ ಸಂಪ್ರದಾಯವು ಇದಕ್ಕೆ ವಿಪರೀತವಾದುದು: ಅಲ್ಲಿ ಮೊದಲನೆಯ ಪದಕ್ಕೆ ಪ್ರತ್ಯಯವನ್ನಿತ್ತು ಎರಡನೆಯದರಲ್ಲಿ ಬಿಡಬಹುದು. ಇಟಾಲಿಯನ್ನಿನಲ್ಲಾದರೋ ಈಗ ಇಂತಹ ಲೋಪಕ್ಕೆ ಎಡೆಯಿಲ್ಲ. ಪ್ರತ್ಯಯವನ್ನು ಪ್ರತಿಪದಕ್ಕೂ ಹಚ್ಚಬೇಕು. ‘ಫಾಚಿಲೆ’ ಎಂಬುದು ‘ಫಾಚಿಲ್ಮೆಂತೆ’ ಎಂದು ಅಂತ್ಯಸ್ವರವನ್ನು ಕಳೆದುಕೊಂಡಿರುವುದೂ ಸಂಯೋಗದ ಬಿಗಿಯನ್ನೇ ಸೂಚಿಸುತ್ತದೆ.

ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆದಿರುವುದು ಫ್ರೆಂಚ್. ಅಲ್ಲಿ ಪ್ರತ್ಯಯವು ಉಚ್ಚಾರಣೆಯಲ್ಲಿ ‘ಮಾಂ’ ಎಂದು ಕುಗ್ಗಿದೆ. ಮನಸ್ಸೆಂಬ ಅರ್ಥದಲ್ಲಿ ಮೂಲಶಬ್ದವೂ ಬಳಕೆಯಲ್ಲಿ ಉಳಿದಿಲ್ಲ. ಆದುದರಿಂದ ಫ್ರೆಂಚರಿಗೆ ಅದು ಬರಿಯ ಚಿಹ್ನೆ. ಆದರೂ ಅದರ ವ್ಯಾಕರಣದಲ್ಲಿ ಚರಿತ್ರೆಯ ಗುರುತುಗಳು ಅಳಿದಿಲ್ಲ. ಸ್ತ್ರೀಲಿಂಗರೂಪಕ್ಕೆ ‘ಮಾಂ’ ಸೇರಿಸಬೇಕೆಂಬುದು ಸಾಮಾನ್ಯವಿಧಿ. ಆದರೆ ‘ಕೊಂಸ್ತಾಂ’ (ಸ್ಥಿರ) ಎಂಬುದರ ಸ್ತ್ರೀಲಿಂಗವು ‘ಕೊಂಸ್ತಾಂತ್’ ಎಂದಿದ್ದರೂ ಕ್ರಿಯಾವಿಶೇಷಣವು ‘ಕೊಂಸ್ತಾಂತಮಾಂ’ ಎಂದಾಗದೆ ‘ಕೊಂಸ್ತಾಮಾಂ’ ಎಂದಾಗುತ್ತದೆ. ಶಾಲೆಯ ವ್ಯಾಕರಣಗಳು ಇದನ್ನು ಅಪವಾದವೆಂದು ಹೇಳಿ ಬಿಟ್ಟುಬಿಡುತ್ತವೆ. ಲ್ಯಾಟಿನ್ನಿನಲ್ಲಿ ಈ ವರ್ಗದ ವಿಶೇಷಣಗಳಿಗೆ ಪುಲ್ಲಿಂಗ ಸ್ತ್ರೀಲಿಂಗಗಳೆರಡರಲ್ಲಿಯೂ ಒಂದೇ ರೂಪ. ಹಳೆಯ ಫ್ರೆಂಚಿನಲ್ಲಿಯೂ ಹಾಗೆಯೇ ಇದ್ದಿತು. ಸ್ತ್ರೀಲಿಂಗಕ್ಕೆ ಬೇರೆ ರೂಪವು ಸಾದೃಶ್ಯಬಲದಿಂದ ಅನಂತರ ಹುಟ್ಟಿದುದು. ಕ್ರಿಯಾವಿಶೇಷಣವು ಅದಕ್ಕಿಂತ ಹಿರಿಯದು. ಆದುದರಿಂದಲೇ ಹೊಸ ರೂಪದ ಸೋಂಕು ಅದಕ್ಕೆ ತಗಲಲಿಲ್ಲ. ‘ಫೋರ್’ (ಬಲವಾದ) ಎಂಬುದಕ್ಕಾದರೆ ಹಳೆಯ ‘ಫೋರ್ಮೆಂಟ್’ ಹೋಗಿ ‘ಫೋರ್ತಮಾಂ’ ಎಂಬ ಹೊಸ ರೂಪವು ನೆಲೆಗೊಂಡಿತು. ಒಂದರಲ್ಲಿ ಹಳೆಯ ಪದ್ಧತಿ ಉಳಿಯಿತು. ಮತ್ತೊಂದರಲ್ಲಿ ಹೊಸ ವಿಧಿ ಗೆದ್ದಿತು. ಅಪವಾದವೆನಿಸಿದುದೇ ಪ್ರಾಚೀನವಿಧಿಗೆ ಸಾಕ್ಷಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಫ್ರೆಂಚಿನ ‘ಗುವೆರ್ನಮಾಂ’ (ಸರ್ಕಾರ) ಮುಂತಾದ ನಾಮಪದಗಳ ಕೊನೆಯಲ್ಲಿರುವ ‘ಮಾಂ’ ಬರಹದಲ್ಲಿಯೂ ಉಚ್ಚಾರಣೆಯಲ್ಲಿಯೂ ಇದರಂತೆಯೇ ಇದ್ದರೂ ಅದು ಲ್ಯಾಟಿನ್ನಿನ ‘ಮೆಂತುಮ್’ ಎಂಬ ಬೇರೆ ಪ್ರತ್ಯಯದ ಸಂತಾನ. ಧ್ವನಿಸಾಮ್ಯವೊಂದನ್ನೇ ನಂಬಿ ಮೂಲವನ್ನು ನಿರ್ಣಯಿಸಬಾರದು. ಅಂತೆಯೇ ಲ್ಯಾಟಿನ್ನಿನ ಸಂತತಿಯೆಲ್ಲವೂ ಈ ದಾರಿಯನ್ನೇ ಹಿಡಿಯಿತೆಂದೂ ತಿಳಿಯಬಾರದು. ರೂಮೇನಿಯನ್ ಭಾಷೆಯಲ್ಲಿ ‘ಮಿಂತೆ’ ಎಂಬ ಶಬ್ದವು ಮನಸ್ಸೆಂಬ ಅರ್ಥದಲ್ಲಿ ಇಂದಿಗೂ ಜೀವಂತವಾಗಿದ್ದರೂ ಅದು ದೇಶೀಯ ಪ್ರತ್ಯಯವಾಗಿ ಬೆಳೆಯಲಿಲ್ಲ. ಅಲ್ಲಿ ಸಾಮಾನ್ಯವಾಗಿ ವಿಶೇಷಣವೇ ಕ್ರಿಯಾವಿಶೇಷಣವಾಗಿ ನಿಲ್ಲುತ್ತದೆ. ‘ಬೇರೆ ರೀತಿಯಾಗಿ’ ಎಂಬರ್ಥದ ‘ಆಲ್ತ್ಮಿಂತೆರಿ’ ಎಂಬ ಪದದಲ್ಲಿ ಮಾತ್ರ ಹಳೆಯ ‘ಮೆಂತೆ’ಯ ಅವಶೇಷವಿದೆಯೆಂದು ಕೋಶಕಾರರು ಹೇಳುತ್ತಾರೆ.

ಜರ್ಮಾನಿಕ್ ಭಾಷೆಗಳು ಇದೇ ಕಾರ್ಯಕ್ಕೆ ಬೇರೊಂದು ಪದವನ್ನು ಆರಿಸಿಕೊಂಡುವು. ಇಂಗ್ಲಿಷಿನ ‘ಲಿ’, ಜರ್ಮನಿನ ‘ಲಿಖ್’ ಇವುಗಳ ಮೂಲವು ದೇಹ, ಆಕಾರ ಎಂಬರ್ಥದ ಶಬ್ದ. ಅದೇ ಶಬ್ದವು ಜರ್ಮನಿನಲ್ಲಿ ‘ಲೈಖೆ’ ಎಂದು ಶವಕ್ಕೆ ಹೆಸರಾಗಿ ಉಳಿದಿದೆ. ಡಚ್ ಭಾಷೆಯಲ್ಲಿ ಶವವಾಚಕವನ್ನೂ ಪ್ರತ್ಯಯವನ್ನೂ ಒಂದೇ ರೀತಿ ಬರೆಯುತ್ತಾರೆ. ರೋಮನರ ಸಂತತಿಯವರು ಮನಸ್ಸನ್ನು ಪ್ರತ್ಯಯಮಾಡಿದರೆ ಇವರು ಮೈಯನ್ನು ಮಾಡಿದರು. ಇದರಿಂದ ಆ ಎರಡು ಜನಾಂಗಗಳ ಸ್ವಭಾವವನ್ನು ಅಳೆಯಹೊರಡುವುದು ತರವಲ್ಲ. ಪ್ರತ್ಯಯವಾದ ಮೇಲೆ ಮೈಯೂ ಇಲ್ಲ, ಮನಸ್ಸೂ ಇಲ್ಲ, ‘ರೀತಿ’ ಎಂಬರ್ಥವೊಂದೇ ಉಳಿಯುವುದು. ಸ್ವತಂತ್ರಪದವು ಹೀಗೆ ವ್ಯಾಕರಣಾಂಗವಾಗುವ ಕ್ರಮಕ್ಕೆ 1912ರಲ್ಲಿ ಆಂತ್ವಾನ್ ಮೆಯ್ಯೆ ಎಂಬ ಫ್ರೆಂಚ್ ಪಂಡಿತನು ‘ವ್ಯಾಕರಣೀಕರಣ’ ಎಂಬರ್ಥದ ಹೆಸರನ್ನಿತ್ತನು.

ಕನ್ನಡದ ‘ಆಗಿ’ಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಇದು ನಾಮಪದವಲ್ಲ, ‘ಆಗು’ ಧಾತುವಿನ ಕೃದಂತ. ಆದರೂ ನಡೆದ ದಾರಿ ಒಂದೇ. ‘ಸ್ಪಷ್ಟವೂ ಸರಳವೂ ಆಗಿ’ ಎಂದಾಗ ಒಂದೇ ‘ಆಗಿ’ಯು ಸ್ಪ್ಯಾನಿಷಿನ ‘ಮೆಂತೆ’ಯಂತೆ ಎರಡು ಪದಗಳಿಗೂ ಅನ್ವಯಿಸುತ್ತದೆ, ಅಲ್ಲಿ ಅದು ಇನ್ನೂ ಪದ. ‘ಚೆನ್ನಾಗಿ’ ಎಂದಾಗ ಆಗುವಿಕೆಯ ಅರ್ಥವು ಆಡುವವನ ಮನಸ್ಸಿಗೆ ಬರುವುದೇ ಇಲ್ಲ. ಅಲ್ಲಿ ಅದು ಪ್ರತ್ಯಯ. ಒಂದೇ ಕಾಲದ ಒಂದೇ ಭಾಷೆಯಲ್ಲಿ ಎರಡು ಅವಸ್ಥೆಗಳೂ ಜೊತೆಗಿರಬಹುದು. ಆದುದರಿಂದ ಪದವನ್ನು ಪ್ರಕೃತಿ ಪ್ರತ್ಯಯಗಳಾಗಿ ವಿಂಗಡಿಸುವಾಗ ಆ ವಿಭಾಗವು ಯಾವ ಕಾಲಕ್ಕೆ, ಯಾವ ಪ್ರಯೋಗಕ್ಕೆ ಸಲ್ಲತಕ್ಕದ್ದೆಂಬುದನ್ನೂ ವಿಚಾರಿಸಬೇಕು. ಅಪವಾದವೆಂದು ಬದಿಗಿಟ್ಟ ರೂಪಗಳನ್ನು ಅಧ್ಯಾಪಕರು ಈ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸಿದರೆ, ವಿದ್ಯಾರ್ಥಿಗಳು ಕಂಠಪಾಠ ಮಾಡಬೇಕಾದ ಪಟ್ಟಿಯಷ್ಟಾದರೂ ಕಿರಿದಾದೀತು.