ಮಾರಾಟಕ್ಕಿಲ್ಲದ ನೆಲ

ಬೆಟ್ಟದ ನೋಟ, ಹಕ್ಕಿಗಳ ದನಿ, ಗದ್ದಲವಿಲ್ಲದ ಊರು ಬೇಕೆಂದು ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ ಕಡೆ ಜಮೀನು ಕೊಳ್ಳಲು ಬರುವವರು ಪಹಣಿ, ಪೋಡಿ, ಋಣಭಾರ ಪತ್ರಗಳನ್ನೆಲ್ಲ ತಿರುವಿಹಾಕಿ ನೋಡುತ್ತಾರೆ. ಅವರು ಕೊಡುವ ಹಣದ ದೊಡ್ಡ ಪಾಲು ಮಾತ್ರ ಖರೀದಿ ಪತ್ರದಲ್ಲಿ ಇರದ ನೆಲಕ್ಕೆ ಸಲ್ಲುತ್ತದೆ: ಪಕ್ಕದ ಗೋಮಾಳ, ಗುಂಡುತೋಪು, ಕೆರೆಯಂಗಳ, ಅರಣ್ಯದ ಗುಡ್ಡ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಭೂಮಿಯ ಚರಿತ್ರೆ ಎಂದರೆ ಇನಾಂ ರದ್ದತಿ, ಗೇಣಿ, ಉಳುವವನಿಗೆ ಹೊಲ ಎಂದಷ್ಟೇ ನೆನೆಯುತ್ತೇವೆ. ಯಾರ ಹೆಸರಿಗೂ ಖಾತೆಯಾಗದೆ ಉಳಿದ ನೆಲಕ್ಕೂ ಒಂದು ಚರಿತ್ರೆಯಿದೆ. ಇಲ್ಲಿನ ನೆಮ್ಮದಿಯನ್ನು ಕಾದದ್ದು ಬಹುಮಟ್ಟಿಗೆ ಅದೇ ಎಂಬುದು ನನ್ನ ವಾದ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯನ್ನೇ ನೋಡಿ. ಸುಮಾರು 798 ಎಕರೆಯ ಈ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ಈ ಬಗೆಯ ಮೀಸಲಿಗೆ ದಾರಿ ಮಾಡಿತ್ತು, ಅದೂ ಸರ್ಕಾರದ ಒಡೆತನದ ನೆಲಕ್ಕೆ ಮಾತ್ರ. ಆ ಬಯಲು ಮೊದಲೇ ತುಂಡುತುಂಡಾಗಿ ಖಾಸಗಿಯವರ ಪಾಲಾಗಿದ್ದರೆ ಈ ಘೋಷಣೆಗೆ ಆಸ್ಪದವೇ ಇರುತ್ತಿರಲಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನದು ಬೇರೆ ಬಗೆ. ಅಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳಲ್ಲಿ. 1999ರಲ್ಲಿ ತುಮಕೂರಿನ ನಿಸರ್ಗಪ್ರಿಯರ ಮೂಲಕ ಹೊರಗಿನವರಿಗೆ ಇದು ತಿಳಿಯುವ ಮೊದಲೇ ಊರಿನವರು ಗೂಡಿರುವ ಮರಗಳ ತಂಟೆಗೆ ಹೋಗದೆ ಆ ಹಕ್ಕಿಗಳನ್ನು ಕಾದಿದ್ದರು. ಆದರೆ ಮರ ಉಳಿದರಷ್ಟೇ ಸಾಲದು. ಮರಿಗಳಿಗೆ ಮೀನು ಬರಬೇಕಾದದ್ದು ಸುತ್ತಲ ಕೆರೆಗಳಿಂದ, ಕೆರೆಗಳು ಯಾರ ಖಾಸಗಿ ಸ್ವತ್ತೂ ಅಲ್ಲ.

ದೂರದ ಒಂದು ಉದಾಹರಣೆ ನನ್ನ ವಾದವನ್ನು ಇನ್ನಷ್ಟು ತಿಳಿಯಾಗಿಸುತ್ತದೆ. ಕೋಸ್ಟರಿಕಾದ ನೊಸಾರಾ ಅಲೆಯಾಟಕ್ಕೆ ಹೆಸರಾದ ಕಡಲೂರು. ಹೊರದೇಶದವರು ಅಲ್ಲಿ ದುಬಾರಿ ಬೆಲೆಗೆ ಮನೆ ಕೊಳ್ಳುತ್ತಾರೆ. 1977ರ ಕಾನೂನಿನಂತೆ ಆ ದೇಶದ ಕರಾವಳಿಯಲ್ಲಿ ಭರತರೇಖೆಯಿಂದ ಮೊದಲ 50 ಮೀಟರ್ ಸಾರ್ವಜನಿಕರದು, ಮುಂದಿನ 150 ಮೀಟರ್ ಸರ್ಕಾರದ ಪರವಾನಗಿಗೆ ಒಳಪಟ್ಟದ್ದು. ನೊಸಾರಾದ ಗಿಯೋನೆಸ್ ತೀರದಲ್ಲಂತೂ ಈ ಪಟ್ಟಿ ವನ್ಯಜೀವಿ ಧಾಮಕ್ಕೆ ಸೇರಿದೆ. ಕಾಡಿನ ಹಿಂದಿನ ಮನೆಗೆ ಅಷ್ಟು ಬೆಲೆ ಬಂದದ್ದು ಮುಂದಿನ ಕಾಡು ಮಾರಾಟಕ್ಕೆ ಇಲ್ಲದ್ದರಿಂದ.

ಈ ವಾದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕರ್ನಾಟಕ 2020ರಲ್ಲಿ ಕೈಬಿಟ್ಟಿತು. ಮಳೆ ನಂಬಿ ಸೋತ ರೈತ ಒಳ್ಳೆಯ ಬೆಲೆಗೆ ಮಾರಿಕೊಂಡರೆ ತಪ್ಪೇನು ಎನ್ನುತ್ತಾರೆ. ತಪ್ಪಿಲ್ಲ. ಆದರೆ ಆ ಬೆಲೆ ಹುಟ್ಟುವುದು ಪಕ್ಕದ ಸಾರ್ವಜನಿಕ ನೆಲದಿಂದ ಎಂದಾದರೆ ಅದನ್ನು ಉಳಿಸುವುದರಲ್ಲಿ ಮಾರುವ ರೈತನ ಹಿತವೂ ಇದೆ. ಇನ್ನೊಂದು ಮಾತು ಹೆಚ್ಚು ತೂಕದ್ದು: ಗೋಮಾಳ ಉಳಿಸುವ ಹೆಸರಿನಲ್ಲಿ ಬಗರ್ ಹುಕುಂ ಸಾಗುವಳಿದಾರರ ಹೊಟ್ಟೆಯ ಮೇಲೆ ಹೊಡೆಯಬೇಕೆ? ಸಕ್ರಮಕ್ಕಾಗಿ ಫಾರಂ 50, 53, 57 ತುಂಬಿ ವರ್ಷಗಟ್ಟಲೆ ಕಾದ ಭೂಹೀನರನ್ನು ಬೇಲಿ ಹಾಕಿ ಲೇಔಟು ಮಾಡುವವರ ಸಾಲಿಗೆ ಸೇರಿಸುವುದು ಅನ್ಯಾಯ. 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವಿಗೆ ಆದೇಶಿಸಿದ ಸುಪ್ರೀಂ ಕೋರ್ಟು ಕೂಡ ಭೂಹೀನರಿಗೆ ಸರ್ಕಾರವೇ ಕೊಟ್ಟ ನೆಲವನ್ನು ವಿನಾಯಿತಿಯಾಗಿ ಗುರುತಿಸಿತ್ತು.

ಮಾರದೆ ಗುತ್ತಿಗೆಗೆ ಕೊಟ್ಟರೆ ಎಲ್ಲರ ಹಿತವೂ ಉಳಿಯುತ್ತದೆ ಎಂಬ ಮಾತಿಗೆ ಪಾವಗಡವೇ ಪರೀಕ್ಷೆ. ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿದ, 2,050 ಮೆಗಾವಾಟಿನ ಸೌರ ಪಾರ್ಕಿಗೆ ರೈತರು ಭೂಮಿ ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಕೊಟ್ಟರು. ಬರದ ಸೀಮೆಯ ಹಿಡುವಳಿದಾರರಿಗೆ ಅದು ನಿಜವಾದ ಆಸರೆ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣವಿಲ್ಲ, ಬೀಳುಬಿಟ್ಟ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಅಡ್ಡ ಬಂತು. ಒಡೆತನ ಕೈತಪ್ಪದಿದ್ದರೂ ಹಲವರ ಬಳಕೆ ಕೈತಪ್ಪಿತು. ಪಹಣಿಯಲ್ಲಿ ಈ ಬಳಕೆಗೆ ಕಾಲಂ ಇಲ್ಲ.

ಕಾನೂನಿನ ಲೆಕ್ಕವೂ ಹೀಗೇ ಕಿರಿದು. 1966ರ ಭೂಕಂದಾಯ ನಿಯಮಗಳ 97ನೆಯ ನಿಯಮ ನೂರು ದನಕ್ಕೆ 12 ಹೆಕ್ಟೇರಿನಂತೆ ಗೋಮಾಳ ಇಡಬೇಕೆನ್ನುತ್ತದೆ. ದನ ಕಡಿಮೆಯಾದ ಊರಲ್ಲಿ ಉಳಿದದ್ದನ್ನು ಹೆಚ್ಚುವರಿ ಎಂದು ತೋರಿಸಿ ಬೇರೆ ಕೆಲಸಕ್ಕೆ ಕೊಡಲು ಇದೇ ಲೆಕ್ಕ ನೆರವಾಗುತ್ತದೆ. ಮೀಸಲಿನ ಗಡಿ ದಾಟಿ ಮೇಯುವ ಕೃಷ್ಣಮೃಗ, ಕೆರೆಯಂಗಳಕ್ಕಿಳಿಯುವ ಕೊಕ್ಕರೆ, ಗುಡ್ಡದಿಂದ ಕೆರೆಗೆ ಹರಿದು ಬರುವ ನೀರು ಇದರಲ್ಲಿ ಸೇರಿಲ್ಲ. ಗೋಮಾಳವನ್ನು ಹೆಚ್ಚುವರಿ ಎಂದು ಬರೆಯುವ ಮೊದಲು ಇವನ್ನೂ ಎಣಿಸಬೇಕು, ಮತ್ತು ಆ ಎಣಿಕೆ ಗ್ರಾಮಸಭೆಯಲ್ಲಿ, ಕುರಿ ಕಾಯುವವರ ಎದುರಲ್ಲಿ ನಡೆಯಬೇಕು.