ಹೊಸ ಸದಸ್ಯರು, ಹೊಸ ಆಲ್ಬಂ: ರಾಕ್ ತಂಡಗಳ ಮರುಕಟ್ಟಣೆ

ಗಾಯಕ, ಗಿಟಾರ್, ಬೇಸ್ ಗಿಟಾರ್ ಹಾಗೂ ಡ್ರಮ್ಸ್ ವಾದಕರನ್ನೊಳಗೊಂಡ ಸಣ್ಣ ವಾದ್ಯವೃಂದವೇ ರಾಕ್ ತಂಡ. ತನ್ನ ಹಾಡುಗಳನ್ನು ತಾನೇ ರಚಿಸಿ ನುಡಿಸುವುದು ಇದರ ವೈಶಿಷ್ಟ್ಯ. ಸದಸ್ಯರು ಬದಲಾದಾಗ ತಂಡದ ಗುರುತು ಉಳಿಯುವುದೇ ಎಂಬ ಪ್ರಶ್ನೆ ಏಳುವುದೂ ಇದೇ ಕಾರಣಕ್ಕೆ.

ಕಾಪು, ಕಾರ್ಕಳ, ಉಡುಪಿಯ ಯಕ್ಷಗಾನ ಪ್ರೇಕ್ಷಕರಿಗೆ ಕಲಾವಿದರ ಬದಲಾವಣೆ ಹೊಸತಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಕಲಾವಿದ ಮುಂದಿನ ತಿರುಗಾಟಕ್ಕೆ ಬೇರೆ ಮೇಳ ಸೇರುವುದುಂಟು. ಆದರೆ ಪ್ರಸಂಗ, ಮಟ್ಟು, ತಾಳಗಳು ಎಲ್ಲ ಮೇಳಗಳ ಸಮಾನ ಆಸ್ತಿ. ರಾಕ್ ತಂಡಕ್ಕೆ ಆ ಆಧಾರವಿಲ್ಲ. ಒಬ್ಬ ಹೊರನಡೆದರೆ ಹಾಡಿನ ಒಂದು ಅಂಗವೇ ಕಳಚಿದಂತೆ.

ಬೆಂಗಳೂರಿನ ನಿದರ್ಶನ

1996ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಇದಕ್ಕೆ ಉತ್ತಮ ಉದಾಹರಣೆ. ಆರಂಭಿಕ ಸದಸ್ಯರ ಮಲಯಾಳಿ ಮೂಲವನ್ನು 'ಮೂರೂಕಾಲು' ಎಂದು ತಮಾಷೆಯಾಗಿ ಲೆಕ್ಕಹಾಕಿ ಇಟ್ಟ ಹೆಸರಿದು. 2012ರಲ್ಲಿ ಗಾಯಕ-ಗಿಟಾರ್ ವಾದಕ ಬ್ರೂಸ್ ಲೀ ಮಣಿ, ಡ್ರಮ್ಸ್ ವಾದಕ ರಾಜೀವ್ ರಾಜಗೋಪಾಲ್ ಹಾಗೂ ಬೇಸ್ ವಾದಕ ಪ್ರಕಾಶ್ ಕೆ.ಎನ್. ಮೂವರೇ ಸೇರಿ 28 ಹಾಡುಗಳ 'ತ್ರೀ ವೀಲ್ಸ್ ನೈನ್ ಲೈವ್ಸ್' ಹೊರತಂದರು. 2020ರ 'ಎ ವರ್ಲ್ಡ್ ಗಾನ್ ಮ್ಯಾಡ್' ವೇಳೆಗೆ ಗಿಟಾರ್‌ಗೆ ಟೋನಿ ದಾಸ್, ಬೇಸ್‌ಗೆ ಲೆಸ್ಲಿ ಚಾರ್ಲ್ಸ್ ಬಂದಿದ್ದರು. ಎರಡರಲ್ಲೂ ಸಮಾನವಾಗಿ ಉಳಿದದ್ದು ಮಣಿಯವರ ಕಂಠ ಮತ್ತು ರಾಜೀವರ ಲಯ. ಒಂದೇ ಗಿಟಾರ್ ಇದ್ದೆಡೆ ಎರಡಾದಾಗ ವಾದ್ಯಗಳ ಸಂವಾದವೂ ಬದಲಾಗುತ್ತದೆ.

ತೆರೆದ ಮನೆ

ಮೈಸೂರಿನ 'ಅಂತರಾಗ್ನಿ' ತಂಡ ವಿಸರ್ಜನೆಗೊಂಡ ಬಳಿಕ ರಘು ದೀಕ್ಷಿತ್ ಬೇರೆ ದಾರಿ ಹಿಡಿದರು. 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬುದು ಕಲಾವಿದರು ಬಂದುಹೋಗಬಹುದಾದ ತೆರೆದ ಮನೆಯಂತೆ ರೂಪುಗೊಂಡಿತು. ವಿಶಾಲ್-ಶೇಖರ್ ಜೋಡಿಯ ಸಂಸ್ಥೆ 2008ರಲ್ಲಿ ಇದರ ಮೊದಲ ಆಲ್ಬಂ ಬಿಡುಗಡೆಗೊಳಿಸಿತು. ಎರಡನೆಯದಾದ 'ಜಗ್ ಚಂಗಾ' 2013ರಲ್ಲಿ ಬಂದಿತು. ವಾದಕರು ಬದಲಾದರೂ ರಘು ಅವರ ಕಂಠ ಮತ್ತು ಶಿಶುನಾಳ ಷರೀಫರ ತತ್ವಪದಗಳು ತಂಡದ ಗುರುತಾಗಿ ನಿಂತವು.

ಧ್ವನಿಮುದ್ರಣದ ಕ್ರಮ

ಹೊಸಬರು ಸೇರಿದ ತಂಡ ನೇರವಾಗಿ ಸ್ಟುಡಿಯೊ ಪ್ರವೇಶಿಸುವುದು ದುಬಾರಿ ಸಾಹಸ. ಹಾಡಿನ ವೇಗ, ಶ್ರುತಿ, ಯಾವ ವಾದ್ಯ ಎಲ್ಲಿ ಮೌನವಾಗಿರಬೇಕು ಎಂಬುದು ತಾಲೀಮಿನಲ್ಲೇ ನಿರ್ಧಾರವಾಗಬೇಕು. ಸ್ಟುಡಿಯೊದಲ್ಲಿ ಸಾಮಾನ್ಯವಾಗಿ ಕ್ಲಿಕ್ ಟ್ರ್ಯಾಕ್ ಎಂಬ ಯಾಂತ್ರಿಕ ತಾಳಕ್ಕೆ ಹೊಂದಿಸಿ ಮೊದಲು ಡ್ರಮ್ಸ್, ಬಳಿಕ ಬೇಸ್, ಗಿಟಾರ್, ಕೊನೆಗೆ ಗಾಯನ ಮುದ್ರಿಸಲಾಗುತ್ತದೆ. ನಂತರ ಮಿಕ್ಸಿಂಗ್ ಮತ್ತು ಮಾಸ್ಟರಿಂಗ್. ಎಲ್ಲರೂ ಒಟ್ಟಿಗೆ ನುಡಿಸುವ ಪದ್ಧತಿಯೂ ಇದೆ. ಅದರಲ್ಲಿ ಹೊಂದಾಣಿಕೆಯ ಕೊರತೆ ಬೇಗನೆ ಕಿವಿಗೆ ಬೀಳುತ್ತದೆ.

ಹಕ್ಕು ಯಾರದು?

ಹಳೆಯ ಸದಸ್ಯ ರಚಿಸಿದ ಹಾಡನ್ನು ಹೊಸ ಆಲ್ಬಂನಲ್ಲಿ ಸೇರಿಸುವಾಗ ಎಚ್ಚರ ಅಗತ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ, ಸ್ವರ ಸಂಯೋಜನೆ ಹಾಗೂ ಧ್ವನಿಮುದ್ರಿಕೆಗಳು ಪ್ರತ್ಯೇಕ ಕೃತಿಗಳು. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಮೊದಲೆರಡರ ಹಕ್ಕು ರಚಿಸಿದವರದು, ಮೂರನೆಯದರ ಹಕ್ಕು ನಿರ್ಮಾಪಕರದು. ತಂಡ ಬಿಟ್ಟ ಮಾತ್ರಕ್ಕೆ ರಚನಕಾರನ ಹಕ್ಕು ಅಳಿಯದು. ಯಾರ ಪಾಲು ಎಷ್ಟೆಂಬುದನ್ನು ಸ್ನೇಹ ಚೆನ್ನಾಗಿರುವಾಗಲೇ ಬರವಣಿಗೆಯಲ್ಲಿ ದಾಖಲಿಸಿಕೊಳ್ಳುವುದು ಲೇಸು.

ಮಣಿಪಾಲದಂಥ ವಿದ್ಯಾನಗರಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ನಾಲ್ಕು ವರ್ಷದ ಇಂಜಿನಿಯರಿಂಗ್ ವ್ಯಾಸಂಗ ಮುಗಿದೊಡನೆ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿಗೆ, ಉದ್ಯೋಗಕ್ಕೆ ಚದುರುತ್ತಾರೆ. ಅಲ್ಲಿನ ಕಾಲೇಜು ತಂಡಗಳಿಗೆ ಸದಸ್ಯರ ಬದಲಾವಣೆ ಅಪವಾದವಲ್ಲ, ನಿಯಮ. ಹಾಡುಗಳನ್ನು ಮುದ್ರಿಸಿ, ರಚನಕಾರರ ಹೆಸರು ಬರೆದಿಟ್ಟ ತಂಡ ಮಾತ್ರ ಮುಂದೆ ಬರುವವರಿಗೆ ಏನನ್ನಾದರೂ ಒಪ್ಪಿಸಬಲ್ಲದು.