ಚಿನ್ನ ತೋರಿಸಿದವರ ಹೆಸರೇನು?

ಮೊದಲ ಸಲ ಜರ್ಮನಿಗೆ ಹೋದಾಗ ನನಗೆ ಬಸ್ ಟಿಕೆಟ್ ತೆಗೆದುಕೊಳ್ಳೋಕೂ ಬರಲಿಲ್ಲ. ಯಂತ್ರದ ಮುಂದೆ ಹತ್ತು ನಿಮಿಷ ಪೆದ್ದನ ಹಾಗೆ ನಿಂತಿದ್ದೆ. ಹಿಂದೆ ನಿಂತಿದ್ದ ಎಂಟೊಂಬತ್ತು ವರ್ಷದ ಹುಡುಗಿ ಬಂದು ಎರಡು ಗುಂಡಿ ಒತ್ತಿ ಚೀಟಿ ಕೈಗಿಟ್ಟಳು. ಎಂಜಿನಿಯರ್ ಅನ್ನೋ ಜಂಭ ಅಲ್ಲೇ ಇಳಿಯಿತು!

ಮೊನ್ನೆ ಮಾಲೂರಿನಲ್ಲಿ ಮಾರಿಕುಪ್ಪಂ ರೈಲು ಹತ್ತಿದಾಗ ಇದು ನೆನಪಾಯ್ತು. ಕಾರಣ, ಅದೇ ದಾರಿಯ ಕೊನೆಯಲ್ಲಿ ಇನ್ನೂರಿಪ್ಪತ್ತು ವರ್ಷದ ಹಿಂದೆ ಇನ್ನೊಬ್ಬ ಪರದೇಶಿ ಹೀಗೇ ನಿಂತಿದ್ದ.

ಅವನ ಹೆಸರು ಜಾನ್ ವಾರನ್. ಐರಿಷ್ ಮೂಲದ ಫ್ರೆಂಚ್ ಮನೆತನದವನು, ಬ್ರಿಟಿಷ್ ಸೈನ್ಯದಲ್ಲಿ ಲೆಫ್ಟಿನೆಂಟ್. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಗಡಿ ಗುರುತಿಸುವ ಕೆಲಸ ಶುರುವಾಯ್ತಲ್ಲ, 1802ರಲ್ಲಿ ಪೂರ್ವದ ಗಡಿ ಅಳೆಯಲು ಬಂದ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಗೊತ್ತು, ನಮ್ಮಲ್ಲಿ ಕನ್ನಡ ಎಲ್ಲಿ ಮುಗಿಯಿತು, ತೆಲುಗು ಎಲ್ಲಿ ಶುರುವಾಯ್ತು ಅಂತ ನಮಗೇ ಹೇಳಕ್ಕಾಗಲ್ಲ. ಪಾಪ, ಅವನು ಗೆರೆ ಎಳೆಯಬೇಕಿತ್ತು.

ಈ ನೆಲದಲ್ಲಿ ಚಿನ್ನ ಇದೆ ಎಂಬ ಮಾತು ಅವನ ಕಿವಿಗೆ ಬಿತ್ತು. ಅವನ ಹತ್ತಿರ ಅಳತೆಯ ಸಲಕರಣೆಗಳಿದ್ದವು, ಆದರೆ ಚಿನ್ನ ಹುಡುಕಲು ಅವು ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ. ತೋರಿಸಿದವರಿಗೆ ಇನಾಮು ಕೊಡ್ತೀನಿ ಅಂದ. ಊರಿನವರು ಎತ್ತಿನ ಗಾಡಿಗಳಲ್ಲಿ ಮಣ್ಣು ತುಂಬಿಕೊಂಡು ಬಂದರು. ಅವನ ಕಣ್ಣೆದುರೇ ನೀರಿನಲ್ಲಿ ತೊಳೆದರು. ತಳದಲ್ಲಿ ಚಿನ್ನದ ಪುಡಿ! ಮಣ್ಣು ತೊಳೆದು ಚಿನ್ನ ತೆಗೆಯುವವರಿಗೆ ಕನ್ನಡದಲ್ಲಿ 'ಜಲಗಾರ' ಅನ್ನೋ ಹೆಸರೇ ಇದೆ. ಅಂದ್ರೆ ವಿದ್ಯೆ ಎಷ್ಟು ಹಳೆಯದಿರಬೇಕು ನೋಡಿ.

ಶಾಲೆಯಲ್ಲಿ ನಾನು ಕಲಿತದ್ದು 'ಕೋಲಾರದ ಚಿನ್ನ ಕಂಡುಹಿಡಿದವರು ಇಂಗ್ಲಿಷರು' ಅಂತ. ಕಂಡುಹಿಡಿದಿದ್ದಲ್ಲ ಸ್ವಾಮೀ, ಕೇಳಿ ತಿಳಿದುಕೊಂಡಿದ್ದು!

ವಾರನ್ ಕಥೆ ಇಲ್ಲಿಗೆ ಮುಗಿಯಲ್ಲ. 1805ರಿಂದ 1811ರವರೆಗೆ ಮದ್ರಾಸಿನ ಖಗೋಳ ವೀಕ್ಷಣಾಲಯ ನೋಡಿಕೊಂಡ. ಆಮೇಲೆ ನಮ್ಮ ಪಂಚಾಂಗದ ಲೆಕ್ಕಗಳ ಬೆನ್ನುಬಿದ್ದು 1825ರಲ್ಲಿ 'ಕಾಲಸಂಕಲಿತ' ಎಂಬ ದಪ್ಪ ಪುಸ್ತಕ ಬರೆದ. ಪುದುಚೇರಿಯ ಪಂಚಾಂಗದವರೊಬ್ಬರು ಅವನೆದುರು ನೆಲದ ಮೇಲೆ ಕವಡೆ ಇಟ್ಟು, ಕೋಷ್ಟಕಗಳನ್ನೆಲ್ಲ ಬಾಯಿಪಾಠದಿಂದಲೇ ಹೇಳಿಕೊಳ್ಳುತ್ತಾ, ಚಂದ್ರಗ್ರಹಣದ ಲೆಕ್ಕ ಮಾಡಿದರು. 1825ರ ಮೇ 31ರ ರಾತ್ರಿಯ ಗ್ರಹಣ ಅದು. ಹಿಡಿಯುವ ಹೊತ್ತಿನಲ್ಲಿ ತಪ್ಪಿದ್ದು ಬರೀ 4 ನಿಮಿಷ. ಮಧ್ಯಕಾಲದಲ್ಲಿ 23 ನಿಮಿಷ, ಬಿಡುವಾಗ 52 ನಿಮಿಷ ತಪ್ಪಿತು, ಅದನ್ನೂ ಹೇಳಬೇಕು. ಆ ಮನುಷ್ಯನಿಗೆ ಸಿದ್ಧಾಂತ ಏನೂ ಗೊತ್ತಿರಲಿಲ್ಲ ಅಂತಲೂ ವಾರನ್ ಬರೆದ. ಆದರೆ ಹೆಸರು ಮಾತ್ರ ಬಿಡಲಿಲ್ಲ, ತನ್ನ ಕಿವಿಗೆ ಕೇಳಿದಂತೆ 'ಸಾಮಿ ನಾಡೆನ್ ಸಾಷಯ್ಯ' ಅಂತ ದಾಖಲಿಸಿದ. ನಮ್ಮ ಸ್ವಾಮಿನಾಥ ಶೇಷಯ್ಯ ಇರಬೇಕು.

ಕೋಲಾರದವರಿಗೆ ಆ ಭಾಗ್ಯವೂ ಇಲ್ಲ. ಗುಂಡಿ ಕುಸಿದು ಅನಾಹುತಗಳಾದವು ಅಂತ 1859ರಲ್ಲಿ ನೆಲದಡಿ ಅಗೆಯುವುದನ್ನೇ ನಿಷೇಧಿಸಿದರು. 1871ರಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕ ವಾರನ್‌ನ ವರದಿ ಓದಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಬಂದ. 1875ರಲ್ಲಿ ಅವನಿಗೆ ಗಣಿಯ ಹಕ್ಕು ಸಿಕ್ಕಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಸುಮಾರು 120 ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಹೊರಹೋಯ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಬೆಂಗಳೂರಿನಲ್ಲಿ ಲವೆಲ್ ರಸ್ತೆ ಇದೆ. ಗಾಡಿ ಕಟ್ಟಿಕೊಂಡು ಬಂದವರ ಹೆಸರಲ್ಲಿ ಒಂದು ಗಲ್ಲಿಯೂ ಇಲ್ಲ. ಇಡೋಣ ಅಂದ್ರೂ ಹೆಸರೇ ಗೊತ್ತಿಲ್ಲವಲ್ಲ...

ವಾರನ್ ತನಗೆ ನಾಚಿಕೆಯಾಯ್ತು ಅಂತೆಲ್ಲ ಬರೆದಿದ್ದಾನೋ ಇಲ್ಲವೋ, ಅದಿರಲಿ. ಗೊತ್ತಿಲ್ಲದ ಊರಲ್ಲಿ ಕೇಳಿ ಕಲಿಯೋದು ವಿನಯವೇ. ಆದರೆ ಅದು ಪೂರ್ತಿಯಾಗೋದು ಕಲಿಸಿದವರ ಹೆಸರು ಬರೆದಿಟ್ಟಾಗ. ಇಷ್ಟು ಬರೆದ ಮೇಲೆ ಹೊಳೀತು, ಜರ್ಮನಿಯ ಆ ಪುಟ್ಟ ಹುಡುಗಿಯ ಹೆಸರು ನಾನೂ ಕೇಳಿರಲಿಲ್ಲ.